ಪಾರ್ಸೆಲು ಕಟ್ಟುವವರ ಹೊಣೆ

ಪಾರ್ಸೆಲು ಕೆಟ್ಟರೆ ಅಂಚೆಯವರನ್ನು ದೂಷಿಸುವುದು ನಮ್ಮಲ್ಲಿ ವಾಡಿಕೆ. ನಾನೂ ಹಾಗೆ ದೂಷಿಸಿದವನೇ. ಪರೀಕ್ಷೆಗೆಂದು ತಂಗಿಗೆ ಕಳುಹಿಸಿದ ಪುಸ್ತಕಗಳ ಕಟ್ಟು ಮಳೆಯಲ್ಲಿ ನೆನೆದು, ಅವಳ ವಿಳಾಸ ಅಳಿಸಿ, ಪರೀಕ್ಷೆ ಮುಗಿದ ಮೇಲೆ ನನಗೇ ಹಿಂದಿರುಗಿತು. ಆದರೆ ನೀರಿಗೆ ಕರಗುವ ಶಾಯಿಯಲ್ಲಿ ಬರೆದವನು ನಾನು, ತಪ್ಪೂ ನನ್ನದೇ.

ಮೂಟೆಗಳ ಕೆಳಗೆ ಅದುಮಿಸಿಕೊಂಡು ಹತ್ತಾರು ಕೈ ದಾಟುವ ಕಟ್ಟಿಗೆ ಅದರ ಬಿಗಿಯೇ ರಕ್ಷೆ. ಒಳಗಿನ ವಸ್ತು ಅಲುಗದಂತೆ ಸಂದುಗಳಲ್ಲಿ ಕಾಗದ ತುರುಕಬೇಕು. ಹೊದಿಕೆ ಹರಿದರೂ ಗುರುತು ಸಿಗುವಂತೆ ವಿಳಾಸದ ಇನ್ನೊಂದು ಚೀಟಿಯನ್ನು ಒಳಗೂ ಇಡಬೇಕು. 1972ರಲ್ಲಿ ಜಾರಿಗೆ ಬಂದ ಆರು ಅಂಕಿಯ ಪಿನ್ ಕೋಡನ್ನು ದಪ್ಪಗೆ ಬರೆಯಬೇಕು. ಊರಿನ ಹೆಸರು ಮಸುಕಾದರೂ ಅದು ಬಟವಾಡೆಯ ಅಂಚೆ ಕಚೇರಿಯನ್ನು ತೋರಿಸುತ್ತದೆ.

ಮಿತ್ರರೆ, ‘ಜೋಪಾನ’ ಎಂದು ಮೇಲೆ ಬರೆದರೆ ಸಾಲದು. ಜೋಪಾನ ಕಟ್ಟುವವರ ಕೈಯಲ್ಲೇ ಮೊದಲಾಗಬೇಕು.