ಶ್ರುತಿ ತಪ್ಪೋದು ಮಗುವಿನದಾ, ಮಳೆಯದ್ದಾ?

ಮುರ್ಡೇಶ್ವರದಲ್ಲಿ ಮಳೆ ಹಿಡಿದರೆ ಪಿಟೀಲು ಕಲಿಯೋ ಮಕ್ಕಳ ಅಪ್ಪ-ಅಮ್ಮ ನನ್ನನ್ನು ಕೇಳೋದು ಒಂದೇ: "ಶ್ರುತಿ ನಿಲ್ಲೋದೇ ಇಲ್ಲ, ಮಗುವಿಗೆ ಸ್ವರಜ್ಞಾನ ಇಲ್ವಾ?" ತಪ್ಪು ಎಲ್ಲಿದೆ ಅಂತ ಹುಡುಕೋದು ಸಾಫ್ಟ್‌ವೇರ್‌ನವರ ಕಸುಬು. ನನ್ನ ಕೇಳಿದರೆ, ಮೊದಲು ಹವೆಯನ್ನು ಅನುಮಾನಿಸಿ.

ಕಟ್ಟಿಗೆ ತೇವ ಹೀರಿ ಉಬ್ಬುತ್ತೆ. ತಂತಿಯ ಬಿಗಿ ಬದಲಾಗುತ್ತೆ, ಬಿರಡೆ ಕಚ್ಚಿಕೊಂಡು ತಿರುಗೋದಿಲ್ಲ. ಅದೇ ಪಿಟೀಲು ಬೆಂಗಳೂರಿನ ಎ.ಸಿ. ಕೋಣೆಗೆ ಹೋದರೆ ಒಣಗಿ ಬಿರಡೆ ಜಾರುತ್ತೆ. ನಮ್ಮ ಯಕ್ಷಗಾನದ ಮದ್ದಳೆಯವರಿಗೆ ಇದು ಹೊಸದಲ್ಲ. ಥಂಡಿಗೆ ಚರ್ಮ ಸಡಿಲಾಗಿ ಶ್ರುತಿ ಇಳಿಯೋದನ್ನು ಅವರು ದಿನಾ ನೋಡ್ತಾರೆ.

"ಒಲೆ ಹತ್ತಿರ ಇಟ್ಟು ಒಣಗಿಸಬಹುದಾ?" ಖಂಡಿತ ಬೇಡ. ಶಾಖಕ್ಕೆ ಅಂಟು ಬಿಟ್ಟು ಹಲಗೆ ಬಿರುಕು ಬಿಡಬಹುದು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಿರಡೆ ಜಾರಿದರೆ ಚೂರು ಸೀಮೆಸುಣ್ಣ, ಕಚ್ಚಿಕೊಂಡರೆ ಪೆನ್ಸಿಲ್ ಸೀಸದ ಪುಡಿ ಸವರಿ. ನುಡಿಸಿ ಆದಮೇಲೆ ಕಮಾನು ಸಡಿಲಿಸಿ.

"ವೀಣೆಗಿರೋ ಹಾಗೆ ಮೆಟ್ಟಿಲು ಯಾಕಿಲ್ಲ?" ಇಲ್ಲದ್ದರಿಂದಲೇ ಬೆರಳು ಜಾರಿಸಿ ಗಮಕ ತರೋದು ಸಲೀಸು. ಮೈಕ್ ಅಪರೂಪವಾಗಿದ್ದ ಕಾಲದಲ್ಲಿ ಮೈಸೂರಿನ ಟಿ. ಚೌಡಯ್ಯನವರು ನಾದ ದೊಡ್ಡದಾಗಲಿ ಅಂತ ನಾಲ್ಕು ತಂತಿಯನ್ನು ಏಳು ಮಾಡಿದರು. ಮೆಟ್ಟಿಲು ಮಾತ್ರ ಹಾಕಲಿಲ್ಲ. ಆದರೆ ಮೆಟ್ಟಿಲಿಲ್ಲದ ವಾದ್ಯದಲ್ಲಿ ಮಗುವಿಗೆ ಕಿವಿಯೇ ಗತಿ. ತಂತಿಯೇ ಇಳಿದಿದ್ದರೆ, ಕಲಿಸಿದ ಜಾಗದಲ್ಲೇ ಬೆರಳಿಟ್ಟರೂ ಅಪಸ್ವರ.

ಹಾಗಾಗಿ ಅಭ್ಯಾಸಕ್ಕೆ ಮೊದಲು ಮೊಬೈಲಿನಲ್ಲಿ ತಂಬೂರಿ ಹಾಕಿ, ದೊಡ್ಡವರೇ ಷಡ್ಜ-ಪಂಚಮ ಕೂಡಿಸಿ ಕೊಡಿ. ಕ್ಲಾಸ್ ಬಿಡಿಸೋ ತೀರ್ಮಾನ ಜುಲೈಯಲ್ಲಿ ಮಾಡ್ಬೇಡಿ, ದೀಪಾವಳಿ ಕಳೀಲಿ.