ಒಳಗಿನ ಎತ್ತು, ಹೊರಗಿನ ಎತ್ತು

"ಕಾಕಾ, ಹೆಲಿಕಲ್ ಹಾಕಸ್ಲೋ, ಪ್ಲೇಟ್ ಹಾಕಸ್ಲೋ?"

ಕೇಳಿದವನು ರಾಣೆಬೆನ್ನೂರಿನ ಹುಡುಗ. ದೋಹಾದ ಅಲ್ ಥುಮಾಮಾದಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದಾನೆ. ದುಡ್ಡು ಕೂಡಿಟ್ಟು ಹಳೆಯದೊಂದು ನಿಸ್ಸಾನ್ 370 ಝಡ್ ಕೊಂಡಿದ್ದಾನೆ. 3.7 ಲೀಟರಿನ ವಿ6 ಇಂಜಿನ್, ಮುನ್ನೂರಕ್ಕೂ ಹೆಚ್ಚು ಕುದುರೆಶಕ್ತಿ, ಅಷ್ಟೂ ಹಿಂದಿನ ಎರಡೇ ಚಕ್ರಗಳಿಗೆ. ವಾರವಿಡೀ ಆಫೀಸಿಗೆ ಅದೇ ಕಾರು, ಚಳಿಗಾಲದಲ್ಲಿ ಅವಕಾಶ ಸಿಕ್ಕ ಸಂಜೆ ಲುಸೈಲ್ ಸರ್ಕ್ಯೂಟಿಗೂ ಅದೇ ಕಾರು. ಅವನ ಪ್ರಶ್ನೆಯ ಕಷ್ಟವೆಲ್ಲ ಈ ಎರಡು ಬದುಕಿನಲ್ಲಿದೆ.

ಕಂಪನಿ ಕೊಟ್ಟ ವಿಸ್ಕಸ್ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಕಾರಿನಲ್ಲಿ ಇದ್ದೇ ಇದೆ. ಹೆಲಿಕಲ್, ಪ್ಲೇಟ್ ಎರಡೂ ಅದರ ಜಾಗಕ್ಕೆ ಹಾಕಿಸುವ ಬೇರೆ ಜಾತಿಗಳು. ಸಿಲಿಕೋನ್ ದ್ರವ ತುಂಬಿದ ಡಬ್ಬಿಯೊಳಗೆ ತೂತು ತೂತಿನ ತಗಡುಗಳು. ಒಂದು ಚಕ್ರ ಜಾರಿ ಜೋರಾಗಿ ತಿರುಗಿದರೆ ದ್ರವ ಅದನ್ನು ಹಿಡಿದೆಳೆದು ಇನ್ನೊಂದಕ್ಕೂ ಬಲ ಮುಟ್ಟಿಸುತ್ತದೆ. ಆದರೆ ಮೊದಲು ಜಾರಬೇಕು, ಆಮೇಲೆ ಹಿಡಿತ. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ದ್ರವ ಕಾದು ಆ ಹಿಡಿತವೂ ಸಡಿಲವಾಗುತ್ತದೆ. ಹತ್ತು ವರ್ಷ ದಾಟಿದ ಕಾರಿನಲ್ಲಂತೂ ಅದು ಇದ್ದೂ ಇಲ್ಲದ ಹಾಗೆ. ಒಮ್ಮೆ ಫುಟ್ಬಾಲ್ ಸ್ಟೇಡಿಯಂ ಹತ್ತಿರದ ತಿರುವಿನಲ್ಲಿ ಅವನ ಪಕ್ಕ ಕೂತಿದ್ದೆ. 2021ರಲ್ಲಿ ತೆರೆದ ಆ ಸ್ಟೇಡಿಯಂ ಅರಬರು ತಲೆಗೆ ಇಡುವ ಗಹ್ಫಿಯಾ ಟೋಪಿಯ ಆಕಾರದ್ದು, ಎಷ್ಟು ದೂರದಿಂದ ನೋಡಿದರೂ ಗುರುತು ಸಿಗುತ್ತದೆ. ರಸ್ತೆಯ ಅಂಚಿಗೆ ಹಿಟ್ಟಿನಂಥ ಮರಳು ಬಂದು ಕೂತಿತ್ತು. ಹುಡುಗ ಆಕ್ಸಿಲರೇಟರ್ ಒತ್ತಿದ. ಒಳಗಿನ ಚಕ್ರ ಚರ್ರೆಂದು ಸುತ್ತಿತು, ಕಾರು ಮಾತ್ರ ನಿಧಾನಕ್ಕೆ ತೆವಳಿತು.

ಡಿಫರೆನ್ಷಿಯಲ್ ಅಂದರೇನು ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಕಣದಲ್ಲಿ ಹಂತಿ ಹೊಡೆಯುವಾಗ ಮೇಟಿಯ ಪಕ್ಕದ ಎತ್ತು ನಿಂತಲ್ಲೇ ನಿಂತಂತೆ ಸಣ್ಣ ಹೆಜ್ಜೆ ಹಾಕುತ್ತದೆ. ಹೊರಗಿನದು ಅಷ್ಟೇ ಹೊತ್ತಿನಲ್ಲಿ ಇಡೀ ಕಣ ಸುತ್ತಬೇಕು. ಮುದಿ ಎತ್ತನ್ನು ಒಳಗೆ ಕಟ್ಟುವುದು ಅದಕ್ಕೇ. ತಿರುವಿನಲ್ಲಿ ಕಾರಿನ ಎರಡು ಹಿಂಬದಿ ಚಕ್ರಗಳಿಗೂ ಇದೇ ಪಾಡು, ಡಿಫರೆನ್ಷಿಯಲ್ ಅವಕ್ಕೆ ಬೇರೆ ಬೇರೆ ಹೆಜ್ಜೆ ಹಾಕಲು ಬಿಡುತ್ತದೆ. ಆದರೆ ಸಾದಾ ಡಿಫರೆನ್ಷಿಯಲ್ ಬಲವನ್ನು ಮಾತ್ರ ಇಬ್ಬರಿಗೂ ಸಮಸಮ ಹಂಚುತ್ತದೆ. ಒಂದು ಚಕ್ರ ಮರಳ ಮೇಲೆ 100 ನ್ಯೂಟನ್ ಮೀಟರ್ ಮಾತ್ರ ತಾಳಿದರೆ, ಗಟ್ಟಿ ಡಾಂಬರಿನ ಮೇಲಿರುವ ಇನ್ನೊಂದಕ್ಕೂ ಸಿಗುವುದು 100 ಮಾತ್ರ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ಒಂದು ಗಾಲಿ ಹೂತಾಗ ಹಿಮ್ಮಡಿಯಿಂದ ಡಿಫ್ ಲಾಕ್ ಪೆಡಲ್ ಒತ್ತುವುದು ಈ ಸಮಪಾಲನ್ನು ಮುರಿಯಲಿಕ್ಕೆ. ಹಾಗೇ ಒತ್ತಿಕೊಂಡು ತಿರುಗಿಸಲು ಹೋದರೆ ಟ್ರ್ಯಾಕ್ಟರ್ ಮಾತು ಕೇಳುವುದಿಲ್ಲ. ಪೂರ್ತಿ ಬಿಟ್ಟದ್ದಕ್ಕೂ ಪೂರ್ತಿ ಕಟ್ಟಿದ್ದಕ್ಕೂ ನಡುವಿನ ಜಾಗ ಎಲ್‌ಎಸ್‌ಡಿಯದು.

ಹೆಲಿಕಲ್ ಎಂದರೆ ಬರೀ ಹಲ್ಲುಚಕ್ರಗಳ ಕೆಲಸ. ಟಾರ್ಸೆನ್, ಕ್ವೈಫ್ ಎಂಬ ಹೆಸರುಗಳಲ್ಲಿ ಸಿಗುವುದು ಈ ಜಾತಿ. ಓರೆ ಹಲ್ಲಿನ ಗೇರುಗಳು ಭಾರ ಬಿದ್ದಾಗ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತವೆ, ಆ ಉಜ್ಜಾಟವೇ ಹಿಡಿತ. ಬಲ ಹಂಚುವ ಅನುಪಾತ 2.5 ಇದ್ದರೆ ಮರಳಿನ ಚಕ್ರದ 100ಕ್ಕೆ ಎದುರಾಗಿ ಡಾಂಬರಿನ ಚಕ್ರಕ್ಕೆ 250 ಸಿಗುತ್ತದೆ. ಸವೆಯುವ ಪ್ಲೇಟಿಲ್ಲ, ಸಾಮಾನ್ಯ ಗೇರ್ ಆಯಿಲ್ ಸಾಕು, ಕ್ವೈಫ್ ಕಂಪನಿ ತನ್ನ ಡಿಫರೆನ್ಷಿಯಲ್‌ಗೆ ಜೀವಮಾನದ ವಾರಂಟಿ ಕೊಡುತ್ತದೆ. ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು ಮಾಡುವವರು ಇದನ್ನು ಮೆಚ್ಚಿದ್ದಾರೆ. ಮಾಜ್ದಾ ತನ್ನ ಎಂಎಕ್ಸ್-5ರಲ್ಲಿ ವಿಸ್ಕಸ್ ಬಿಟ್ಟು ಟಾರ್ಸೆನ್ ಹಿಡಿಯಿತು, 2012ರ ಟೊಯೋಟಾ 86ರಲ್ಲೂ ಬಂದದ್ದು ಟಾರ್ಸೆನ್.

ಆದರೆ ಒಂದು ಚಕ್ರ ಗಾಳಿಯಲ್ಲಿ ಎದ್ದರೆ? ಸೊನ್ನೆಯನ್ನು ಎರಡೂವರೆಯಿಂದ ಗುಣಿಸಿದರೂ ಸೊನ್ನೆಯೇ. ನೆಲದ ಮೇಲಿರುವ ಚಕ್ರ ಸುಮ್ಮನೆ ನೋಡುತ್ತ ನಿಲ್ಲುತ್ತದೆ. ಬ್ರೇಕನ್ನು ಎಡಗಾಲಲ್ಲಿ ತುಸು ಒತ್ತಿ, ಎದ್ದ ಚಕ್ರಕ್ಕೆ ಸುಳ್ಳು ಭಾರ ಕೊಟ್ಟು ಪಾರಾಗುವವರಿದ್ದಾರೆ. ತಿರುವಿನ ನಡುವೆ ಆ ಕೈಚಳಕ, ಅಲ್ಲ ಕಾಲ್ಚಳಕ, ಎಲ್ಲರಿಗೂ ಒದಗುವುದಿಲ್ಲ.

ಹುಡುಗನನ್ನು ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಅಲ್ಲಿನ ಮೆಕ್ಯಾನಿಕ್ ಕಾಸರಗೋಡಿನವರು, ಕನ್ನಡ, ತುಳು, ಮಲಯಾಳ ಮೂರರಲ್ಲೂ ಬೈಯಬಲ್ಲವರು. ಅವರು ಪ್ಲೇಟ್ ಪಕ್ಷ. ಬೆಂಚಿನ ಮೇಲೆ ಬಿಚ್ಚಿಟ್ಟ ಒಂದು ಯೂನಿಟ್ಟಿತ್ತು. ಬಳೆಯ ಕಟ್ಟಿನ ಹಾಗೆ ಉಕ್ಕಿನ ಪ್ಲೇಟುಗಳು, ಅರ್ಧ ಆಕ್ಸಲ್ಲಿಗೆ ಕಚ್ಚುವವು, ಅರ್ಧ ಗೂಡಿಗೆ. ನಡುವೆ ಇಳಿಜಾರು ಕೊರೆದ ಎರಡು ಉಂಗುರ. ಇಂಜಿನ್ನಿನ ಬಲ ಬಂದಾಗ ಆ ಇಳಿಜಾರು ಉಂಗುರಗಳನ್ನು ಅಗಲಿಸಿ ಪ್ಲೇಟುಗಳನ್ನು ಅದುಮುತ್ತದೆ. ಒಂದು ಪ್ಲೇಟನ್ನು ಹುಡುಗನ ಅಂಗೈಗಿಟ್ಟು ಹೇಳಿದರು: "ಪ್ಲೇಟ್ ಆದ್ರೆ ಕಾಲಿಗೆ ಗೊತ್ತಾಗ್ತದೆ ಮಾರಾಯ. ಹೆಲಿಕಲ್ ಹಾಕಿದ್ದೇ ಗೊತ್ತಾಗುದಿಲ್ಲ."

ವಾದದ ಎರಡೂ ತುದಿ ಆ ಒಂದೇ ಮಾತಿನಲ್ಲಿದೆ ಅನ್ನಿಸಿತು. ಅವರು ದೂರು ಎಂದು ಹೇಳಿದ್ದು ದಿನಾ ಆಫೀಸಿಗೆ ಹೋಗುವವನಿಗೆ ಹೊಗಳಿಕೆ.

ಪ್ಲೇಟಿನ ಪರವಾಗಿ ಹೇಳಬೇಕಾದ್ದು ಬಹಳ ಇದೆ. ಸ್ಪ್ರಿಂಗಿನ ಒತ್ತಡ ಮೊದಲೇ ಇರುವುದರಿಂದ ಚಕ್ರ ಎದ್ದರೂ ಇನ್ನೊಂದಕ್ಕೆ ಬಲ ಹರಿಯುತ್ತದೆ. ಇಳಿಜಾರಿನ ಕೋನ ಬದಲಿಸಿ ನಡತೆಯನ್ನೇ ಬದಲಿಸಬಹುದು: ಒನ್ ವೇ ಆದರೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹಿಡಿತ, ಟೂ ವೇ ಆದರೆ ಕಾಲು ತೆಗೆದಾಗಲೂ ಅಷ್ಟೇ, ಒಂದೂವರೆ ಎಂದರೆ ನಡುವಿನದು. ಪೋರ್ಷೆ 911 ಜಿಟಿ3ಯ 997 ತಲೆಮಾರಿನಲ್ಲಿ ವೇಗ ಕೊಟ್ಟಾಗ 28 ಶೇಕಡಾ, ಬಿಟ್ಟಾಗ 40 ಶೇಕಡಾ ಲಾಕ್ ಇತ್ತು. ಇಂಜಿನ್ ಹಿಂದೆ ಹೊತ್ತ ಕಾರು ಕಾಲು ತೆಗೆದ ಕ್ಷಣ ಬಾಲ ಬೀಸುತ್ತದೆ, ಆ ಬಾಲವನ್ನು ಹಿಡಿಯಲಿಕ್ಕೆ ಈ ಏರ್ಪಾಡು. ಇಂಥ ಹದ ಹೆಲಿಕಲ್‌ನಲ್ಲಿ ಸಿಗುವುದಿಲ್ಲ, ಅದು ಕಾರ್ಖಾನೆಯಿಂದ ಬಂದ ಹಾಗೇ ಇರುತ್ತದೆ.

ಇನ್ನು ಪ್ಲೇಟಿನ ಬೆಲೆ. ಹಣದ ಮಾತಲ್ಲ, ಬಾಳಾಟದ ಮಾತು. ಹೊಸ ಪ್ಲೇಟು ಪಳಗಬೇಕಾದರೆ ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಬೇಕು, ಆಮೇಲೆ ಆಯಿಲ್ ಚೆಲ್ಲಿ ಹೊಸದು ತುಂಬಬೇಕು. ಆಯಿಲೂ ಬೇರೆ, ಎಲ್‌ಎಸ್‌ಡಿಗೆಂದೇ ಬರುವಂಥದ್ದು. ಟ್ರ್ಯಾಕಿಗೆ ಹೋಗುವ ಕಾರಾದರೆ ಅದನ್ನು ಮೇಲಿಂದ ಮೇಲೆ ಬದಲಿಸುತ್ತಿರಬೇಕು, ಒಂದು ದಿನ ಪ್ಲೇಟುಗಳೂ ಸವೆದು ಮತ್ತೆ ಬೆಂಚಿಗೆ ಬರುತ್ತವೆ. ಮಾಲ್‌ನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನಿಂದ ಕಟಕಟ ಸದ್ದು, ನುಣ್ಣನೆಯ ನೆಲದ ಮೇಲೆ ಟೈರಿನ ಕಿರುಚಾಟ. ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋದರೆ "ಗಾಡಿ ಕೆಟ್ಟೈತೇನೋ?" ಅಂತ ಕೇಳುವುದು ಖಂಡಿತ.

ಜಾರುವ ನೆಲದ ವಿಷಯದಲ್ಲಿ ಇನ್ನೂ ಒಂದು ಮಾತು ಇದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಹಿಡಿತ ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂಬುದು ಪೂರ್ತಿ ನಿಜವಲ್ಲ. ಸಾದಾ ಡಿಫರೆನ್ಷಿಯಲ್‌ನಲ್ಲಿ ಒಳಚಕ್ರ ಸುಮ್ಮನೆ ಸುತ್ತುತ್ತದೆ, ಹೊರಚಕ್ರ ಕಾರನ್ನು ಗೀಟಿನ ಮೇಲೆ ಹಿಡಿದಿರುತ್ತದೆ. ಬಿಗಿ ಪ್ಲೇಟಿನಲ್ಲಿ ಎರಡೂ ಒಟ್ಟಿಗೆ ಜಾರಬಹುದು, ಆಗ ಹಿಂಭಾಗವೇ ಪಕ್ಕಕ್ಕೆ ಹೊರಡುತ್ತದೆ. ಇಲ್ಲಿ ವರ್ಷದಲ್ಲಿ ಬೀಳುವುದೇ ನಾಲ್ಕು ಮಳೆ. ಮೊದಲ ಮಳೆಗೆ ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ಸೇರಿ ರಸ್ತೆ ಹಾವಸೆ ಕಟ್ಟಿದ ಕಲ್ಲಿನಂತಾದಾಗ ಇದು ಗೊತ್ತಾಗುತ್ತದೆ.

ಲುಸೈಲ್ ಏನು ಹೇಳುತ್ತದೆ? 2004ರಲ್ಲಿ ಶುರುವಾದ ಟ್ರ್ಯಾಕು. ಐದು ಕಿಲೋಮೀಟರಿಗಿಂತ ತುಸು ಉದ್ದ, 16 ತಿರುವು, ಸಪಾಟು ನೆಲ, ಹೆಚ್ಚಿನವು ವೇಗದ, ಉದ್ದನೆಯ ತಿರುವುಗಳು. ಮರಳು ನುಗ್ಗದಿರಲೆಂದು ಸುತ್ತ ಕೃತಕ ಹುಲ್ಲು ಹಾಸಿದ್ದಾರೆ. ಕರ್ಬಿನ ಮೇಲೆ ಹತ್ತಿ ಚಕ್ರ ಎತ್ತುವ ಗೀಳಿಲ್ಲದಿದ್ದರೆ ಹೆಲಿಕಲ್‌ನ ಸೊನ್ನೆಯ ಲೆಕ್ಕ ಅಲ್ಲಿ ಎದುರಾಗುವುದು ಅಪರೂಪ. ಅದೇ ಖತಾರ್ ರೇಸಿಂಗ್ ಕ್ಲಬ್ಬಿನ ಡ್ರಿಫ್ಟ್ ಅಂಗಳಕ್ಕೆ ಇಳಿದರೆ ಲೆಕ್ಕ ತಲೆಕೆಳಗು. ಎರಡು ಚಕ್ರವೂ ಒಟ್ಟಿಗೆ ಜಾರಬೇಕು, ಕಾಲು ತೆಗೆದಾಗಲೂ ಬಾಲ ಹೊರಗೇ ಇರಬೇಕು. ಅಲ್ಲಿ ಟೂ ವೇ ಪ್ಲೇಟು ಬಿಟ್ಟರೆ ಮಾತೇ ಇಲ್ಲ. ಕಂಪ್ಯೂಟರಿನಿಂದ ಬಿಗಿಯುವ ಡಿಫರೆನ್ಷಿಯಲ್ 2004ರ ಫೆರಾರಿ ಎಫ್430ರಿಂದ ಈಚೆಗೆ ಬಹಳ ಕಡೆ ಬಂದಿದೆ, ಎರಡರ ಗುಣವೂ ಅದಕ್ಕಿದೆ. ಹಳೆಯ ಝಡ್‌ಗೆ ಅದನ್ನು ಕೂರಿಸುವುದು ನಮ್ಮ ಹುಡುಗನ ಜೇಬಿನ ಮಾತಲ್ಲ.

ಯಾವುದನ್ನೇ ಹಾಕಿಸಲಿ, ಕೆಲಸ ಮಾತ್ರ ಒಂದೇ. ಹಿಂದಿನ ಡಿಫರೆನ್ಷಿಯಲ್ ಗೂಡು ಪೂರ್ತಿ ಕೆಳಗಿಳಿಯಬೇಕು, ಕ್ರೌನ್ ಗೇರಿನ ಸಡಿಲವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆದು ಶಿಮ್ ಕೂರಿಸಬೇಕು, ಹಲ್ಲಿಗೆ ಬಣ್ಣ ಬಳಿದು ಎಲ್ಲಿ ಒತ್ತುತ್ತದೆ ನೋಡಬೇಕು. ಇಲ್ಲಿ ಕೈ ತಪ್ಪಿದರೆ ಎಂಥ ಒಳ್ಳೆಯ ಡಿಫರೆನ್ಷಿಯಲ್ಲೂ ಅರವತ್ತರ ವೇಗಕ್ಕೆ ಊಳಿಡುತ್ತದೆ. ಕಾಸರಗೋಡಿನವರ ಕೈ ನನಗೆ ಗೊತ್ತು, ಅದರ ಬಗ್ಗೆ ತಕರಾರಿಲ್ಲ.

ನನ್ನ ತಕ್ಕಡಿ ಹೆಲಿಕಲ್ ಕಡೆ ವಾಲುತ್ತದೆ, ಎರಡು ಬೆರಳಿನಷ್ಟು. ಆರು ದಿನ ರಿಂಗ್ ರೋಡು, ಯಾವಾಗಲೋ ಒಂದು ಸಂಜೆ ಲುಸೈಲ್ ಎನ್ನುವವನಿಗೆ ಸದ್ದಿಲ್ಲದ್ದೇ ಸರಿ. ಮೆಕ್ಯಾನಿಕ್ ಒಪ್ಪಲಿಲ್ಲ. "ಈಗ ಹಾಗೆ ಹೇಳ್ತಾನೆ, ಎರಡು ವರ್ಷದಲ್ಲಿ ಡ್ರಿಫ್ಟಿಗೆ ಹೋಗ್ತಾನೆ, ಆಗ ಪುನಃ ಬಿಚ್ಚಬೇಕು ನಾನು" ಎಂದರು. ಅದೂ ತೆಗೆದುಹಾಕುವ ಮಾತಲ್ಲ. ಡ್ರಿಫ್ಟ್ ಕಲಿಯುವ ಆಸೆ ಇದೆಯಾ ಎಂದು ಹುಡುಗನನ್ನು ಕೇಳಿದೆ. ಇಲ್ಲ ಅಂದ. ಪ್ಲೇಟನ್ನು ಮಾತ್ರ ಇನ್ನೂ ಅಂಗೈಯಲ್ಲೇ ತಿರುಗಿಸುತ್ತಿದ್ದ.