ಪಿಚ್ಚರ್ ಮಾತಾಡುತ್ತೆ, ಕೇಳಿಸಿಕೊಳ್ಳಲ್ಲ

ಮೊನ್ನೆ ರಾತ್ರಿ ಅಕ್ಕನ ಮಗಳು ಫೋನ್ ಮಾಡಿದ್ದಳು. ನರ್ಸಿಂಗ್ ಎರಡನೇ ವರ್ಷ ಓದ್ತಿದ್ದಾಳೆ. ಅವಳ ಕಾಲೇಜಿಗೆ ಯಾರೋ ಬಂದು ಅರ್ಧ ದಿನ ವ್ಯಕ್ತಿತ್ವ ವಿಕಸನದ ತರಬೇತಿ ಕೊಟ್ಟು ಹೋದರಂತೆ. ಕನ್ನಡ ಮೀಡಿಯಂನಿಂದ ಬಂದವರು ಕೈ ಎತ್ತಿ ಅಂದರಂತೆ. ಎತ್ತಿದವರಿಗೆಲ್ಲ ಒಂದೇ ಔಷಧಿ: "ದಿನಾ ಒಂದು ಇಂಗ್ಲಿಷ್ ಸಿನಿಮಾ ನೋಡಿ. ಆರು ತಿಂಗಳಲ್ಲಿ ತಾನಾಗೇ ಬರುತ್ತೆ. ಖರ್ಚೇ ಇಲ್ಲ."

"ಯಾವ ಪಿಚ್ಚರ್ ನೋಡ್ಲಿ, ಹೇಳು ಮಾವ" ಅಂದಳು.

ನಾಲ್ಕು ಹೆಸರು ಹೇಳಿ ಫೋನ್ ಇಡಬಹುದಿತ್ತು. ಇಡೋಕ್ಕಾಗಲಿಲ್ಲ. ಯಾಕಂದ್ರೆ ಈ ಔಷಧಿ ನಾನೂ ಕುಡಿದವನು. ಅದು ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಕೈ ಕೊಡುತ್ತೆ ಅನ್ನೋದು ನನಗೆ ಗೊತ್ತು. ಅವಳಿಗೆ ಹೇಳಿದ್ದನ್ನೂ ಹೇಳಲಾಗದ್ದನ್ನೂ ಸೇರಿಸಿ ಇಲ್ಲಿ ಬರೀತಿದ್ದೀನಿ. ಹಾಸ್ಟೆಲ್ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುವ ಸಂಗಾತಿಗಳು ದಯವಿಟ್ಟು ಪೂರ್ತಿ ಓದಿ.

ನಾನು ಎಬಿಸಿಡಿ ಕಂಡಿದ್ದು ಐದನೇ ಕ್ಲಾಸಿನಲ್ಲಿ. ಆಗ ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದಕ್ಕೆ. ಹತ್ತನೇ ಕ್ಲಾಸಿನವರೆಗೂ ಇಂಗ್ಲಿಷ್ ಅಂದರೆ ಬಾಯಿಪಾಠ ಮಾಡಿ ಪೇಪರ್ ಮೇಲೆ ಕಕ್ಕುವ ಒಂದು ಸಬ್ಜೆಕ್ಟು, ಅಷ್ಟೇ. ಮನುಷ್ಯರು ಅದರಲ್ಲಿ ಮಾತಾಡೋದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಮೇಷ್ಟ್ರು ಕೂಡ ಇಂಗ್ಲಿಷನ್ನು ಕನ್ನಡದಲ್ಲೇ ಪಾಠ ಮಾಡ್ತಿದ್ರು.

ಡಿಗ್ರಿಗೆ ಮೈಸೂರಿಗೆ ಬಂದು ಹಾಸ್ಟೆಲ್ ಸೇರಿದೆ. ಅರವತ್ತು ಚಿಲ್ಲರೆ ಹುಡುಗರಿಗೆ ಒಂದು ಟಿವಿ. ರಿಮೋಟು ಸೀನಿಯರ್‌ಗಳ ಕೈಲಿ. ಹನ್ನೊಂದರ ಮೇಲೆ ಎಲ್ಲ ಮಲಗಿದಾಗ ನಾನೂ ನನ್ನ ರೂಮ್‌ಮೇಟೂ ಸೌಂಡು ಕಮ್ಮಿ ಮಾಡಿ ಇಂಗ್ಲಿಷ್ ಚಾನೆಲ್ ಹಾಕ್ತಿದ್ವಿ. ಅಷ್ಟೊತ್ತಿಗೆ ಆ ಚಾನೆಲ್‌ಗಳಲ್ಲಿ ಮಾತಿನ ಜೊತೆಗೇ ಕೆಳಗಡೆ ಇಂಗ್ಲಿಷ್ ಅಕ್ಷರ ಬರೋಕೆ ಶುರುವಾಗಿತ್ತು. ಅದೇ ನಮ್ಮ ಪಾಲಿನ ಮೇಷ್ಟ್ರು.

ಸುಳ್ಳು ಹೇಳಲ್ಲ, ಕಲಿತೆ. "ವಾಟ್ ಆರ್ ಯು ಡೂಯಿಂಗ್" ಅನ್ನೋದು ಪುಸ್ತಕದಲ್ಲಿ ನಾಲ್ಕು ಪದ. ಪಿಚ್ಚರಲ್ಲಿ ಅದು ಒಂದೇ ಉಸಿರು, "ವಾಟ್ಯಡೂಯಿನ್". ಆ ಉಸಿರನ್ನು ಬಿಡಿಸಿ ಪದ ಮಾಡಿಕೊಳ್ಳೋದನ್ನು ನನ್ನ ಕಿವಿ ಕಲಿತದ್ದು ಆ ಟಿವಿ ಮುಂದೆ. ಕೇಳಿದ ಮಾತನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ತಿದ್ದೆ. ಆದರೆ ಆ ಹೊತ್ತಲ್ಲಿ ಬರ್ತಿದ್ದದ್ದು ಬರೀ ಹೊಡೆದಾಟದ ಪಿಚ್ಚರ್. ಹಾಗಾಗಿ ನನ್ನ ನೋಟ್‌ಬುಕ್ಕಿನ ತುಂಬ "ಗೆಟ್ ಡೌನ್", "ಕವರ್ ಮಿ", "ಡ್ರಾಪ್ ದ ಗನ್".

ಇನ್ನೊಂದು ಮಜಾ ಕೇಳಿ. ಟಿವಿಯವರು ಬೈಗುಳ ಬಂದರೆ ದನಿ ಕಟ್ ಮಾಡ್ತಿದ್ರು. ಒಂದು ರಾತ್ರಿ ಹೋಟೆಲ್ ಸೀನು. ಊಟಕ್ಕೆ ಕೂತವನು ಏನೋ ಆರ್ಡರ್ ಮಾಡ್ತಾನೆ, ದನಿ ಕಟ್. ಕೆಳಗಿನ ಅಕ್ಷರದಲ್ಲೂ ಆ ಜಾಗ ಖಾಲಿ. ಊಟಕ್ಕೆ ಕೂತವನು ಯಾರನ್ನು ಬೈದ ಅಂತ ನಮಗೆ ತಲೆ ಕೆಟ್ಟುಹೋಯ್ತು. ಆಮೇಲೆ ತುಟಿ ನೆನಪು ಮಾಡಿಕೊಂಡು ಹೊಳೆಯಿತು: ಬೀಫ್. ನಮ್ಮ ಮನೆಯ ಊಟ ಇಂಗ್ಲಿಷಿಗೆ ಹೋದರೂ ಬೈಗುಳದ ಪಟ್ಟಿಯಿಂದ ತಪ್ಪಿಸಿಕೊಂಡಿರಲಿಲ್ಲ.

ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋದೆ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದರು. ನನ್ನ ನೋಟ್‌ಬುಕ್ಕಿನಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿರಲಿಲ್ಲ. ಅವರು ಅಂದ ಒಂದೊಂದು ಪದವೂ ಅರ್ಥವಾಗುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಎದುರಿಗೆ ಕೂತವರಲ್ಲಿ ಒಬ್ಬರು ನಕ್ಕರು. ಕೆಟ್ಟ ನಗು ಅಲ್ಲ, ಪಾಪ ಅನ್ನೋ ನಗು. ಅದು ಇನ್ನೂ ಕೆಟ್ಟದ್ದು. ಕಾಲೇಜಿನಲ್ಲಿ ಮೊದಲ ಸಲ ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳಿದ ದಿನ ಇಡೀ ಕ್ಲಾಸು ನಕ್ಕಿತ್ತಲ್ಲ, ಅದೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಒಂದು ವಿಷಯ ತಿಳಿಯಿತು. ಪಿಚ್ಚರ್ ಮಾತಾಡುತ್ತೆ, ಆದರೆ ನಮ್ಮ ಮಾತು ಕೇಳಿಸಿಕೊಳ್ಳಲ್ಲ. ಎರಡು ವರ್ಷ ರಾತ್ರಿ ನಾನು ಇಂಗ್ಲಿಷ್ ಕೇಳಿದ್ದೆ. ನನ್ನ ಇಂಗ್ಲಿಷನ್ನು ಯಾರೂ ಎರಡು ನಿಮಿಷ ಕೇಳಿರಲಿಲ್ಲ.

"ಸಿನಿಮಾ ನೋಡಿ ಕಲಿತೆ" ಅನ್ನುವವರನ್ನು ಸ್ವಲ್ಪ ಕೆದಕಿ ನೋಡಿ. ಅಪ್ಪ ಬ್ಯಾಂಕಿನಲ್ಲಿ, ಅಕ್ಕ ಕಾನ್ವೆಂಟಿನಲ್ಲಿ, ಮನೆಗೆ ಇಂಗ್ಲಿಷ್ ಪೇಪರು. ಪಿಚ್ಚರಲ್ಲಿ ಕೇಳಿದ್ದನ್ನು ಊಟದ ಹೊತ್ತಿಗೆ ಮನೆಯಲ್ಲಿ ಆಡಿದರೆ ಯಾರೋ ಒಬ್ಬರು ಪ್ರೀತಿಯಿಂದ ತಿದ್ದುತ್ತಾರೆ. ಆ ಮನೆ ಲೆಕ್ಕಕ್ಕೇ ಬರಲ್ಲ, ಪಿಚ್ಚರ್ ಮಾತ್ರ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ಅವರಿಗೆ ಖರ್ಚೇ ಇಲ್ಲ ಅನ್ನಿಸೋದು.

ಸಿಡ್ನಿ ಪೊಯ್ಟಿಯರ್ ಕಥೆ ನಮ್ಮ ಹುಡುಗರಿಗೆ ನಾನು ಮತ್ತೆ ಮತ್ತೆ ಹೇಳ್ತೀನಿ. 1927ರಲ್ಲಿ ಹುಟ್ಟಿದವರು, ಬಹಾಮಾಸ್ ದ್ವೀಪದ ಬಡ ಟೊಮೆಟೊ ಬೆಳೆಗಾರರ ಮಗ. ಹದಿಹರೆಯದಲ್ಲಿ ನ್ಯೂಯಾರ್ಕಿಗೆ ಬಂದು ಹೋಟೆಲಿನಲ್ಲಿ ಪಾತ್ರೆ ತೊಳೀತಿದ್ದರು. ಅಮೆರಿಕನ್ ನೀಗ್ರೋ ಥಿಯೇಟರಿನಲ್ಲಿ ನಟನೆಗೆ ಅವಕಾಶ ಕೇಳಲು ಹೋದಾಗ ಓದೋಕೆ ತಡವರಿಸಿದರು, ಉಚ್ಚಾರಣೆ ದ್ವೀಪದ್ದು. ಹೊರಗೆ ಕಳಿಸಿಬಿಟ್ಟರು. ಅವರು ಒಂದು ರೇಡಿಯೋ ಕೊಂಡು, ಅದರಲ್ಲಿ ಮಾತಾಡುವವರ ದನಿ ಕೇಳಿ ಕೇಳಿ ಹಾಗೇ ಹೇಳಿ ಹೇಳಿ ಕಲಿತರು. ಜನ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸ್ತಾರೆ. ನೋಡಿ, ಬರೀ ರೇಡಿಯೋ ಕೇಳಿ ಕಲಿತ! ಆದರೆ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಅವರು ಪಾತ್ರೆ ತೊಳೆಯುತ್ತಿದ್ದ ಹೋಟೆಲಿನ ವಯಸ್ಸಾದ ಯಹೂದಿ ಮಾಣಿ. ಕೆಲಸ ಮುಗಿದ ಮೇಲೆ ದಿನಾ ರಾತ್ರಿ ಪಕ್ಕದಲ್ಲಿ ಕೂತು ಪೇಪರ್ ಓದಿಸಿದರು, ವಾರಗಟ್ಟಲೆ. ದಣಿದ ಮನುಷ್ಯ ಇನ್ನೊಬ್ಬ ದಣಿದ ಮನುಷ್ಯನಿಗೆ ಕೊಟ್ಟ ಹೊತ್ತು ಅದು. ಪೊಯ್ಟಿಯರ್ ಕೊನೆಯವರೆಗೂ ಆ ಮಾಣಿಯನ್ನು ನೆನೀತಿದ್ದರು.

1964ರಲ್ಲಿ ಅತ್ಯುತ್ತಮ ನಟ ಅಂತ ಆಸ್ಕರ್ ಪಡೆದ ಮೊದಲ ಕಪ್ಪು ಮನುಷ್ಯ ಅವರೇ. ಆ ಪಿಚ್ಚರ್ 'ಲಿಲೀಸ್ ಆಫ್ ದ ಫೀಲ್ಡ್'. ಅದರಲ್ಲೂ ಅವರದ್ದು ಇಂಗ್ಲಿಷ್ ಕಲಿಸುವ ಕೆಲಸ! ಯುರೋಪಿನಿಂದ ಬಂದ ಸನ್ಯಾಸಿನಿಯರು ಗ್ರಾಮಫೋನ್ ಪ್ಲೇಟು ಹಾಕಿಕೊಂಡು ಇಂಗ್ಲಿಷ್ ಕಲಿಯಲು ಒದ್ದಾಡ್ತಿರ್ತಾರೆ. ಈ ಕೂಲಿ ಮನುಷ್ಯ ಎದ್ದು ನಿಂತು, ಕೂತು, ಕೈ ಕಾಲು ಆಡಿಸಿ ಮಾತು ಹೇಳಿಕೊಡ್ತಾನೆ, ಎಲ್ಲರೂ ನಗ್ತಾರೆ. ಅಲ್ಲಿ ಯಾರೂ ಯಾರ ಮೇಲೂ ನಗಲ್ಲ, ಒಟ್ಟಿಗೆ ನಗ್ತಾರೆ. ಇಂಥ ನಗು ನಮ್ಮ ಮಕ್ಕಳಿಗೆ ಯಾವ ಕ್ಲಾಸಿನಲ್ಲಿ ಸಿಕ್ಕಿದೆ?

ಬಾಬಾಸಾಹೇಬರ ವಿಷಯದಲ್ಲೂ ಇದೇ. ಕೊಲಂಬಿಯಾ, ಲಂಡನ್ ಅಂತ ಎದೆ ತಟ್ಟಿ ಹೇಳ್ತೀವಿ. ಪರೇಲಿನ ಒಂದೇ ಕೋಣೆಯ ಚಾಳಿನಲ್ಲಿ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದ ಅಪ್ಪ ರಾಮ್‌ಜಿ ಸಕ್ಪಾಲರನ್ನು ಮರೀತೀವಿ. ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಆ ಮನುಷ್ಯ ಪಕ್ಕದಲ್ಲಿ ಎಚ್ಚರ ಇದ್ದರು ಅನ್ನೋದು ಸಣ್ಣ ವಿಷಯ ಅಲ್ಲ.

ಹಾಗಂತ ಇಂಗ್ಲಿಷ್ ಬಂದುಬಿಟ್ಟರೆ ಎಲ್ಲ ಮುಗೀತು ಅಂತಲೂ ನಾನು ಹೇಳಲ್ಲ. ಹಿಂದೆ ಹಾಗೆ ನಂಬಿದ್ದೆ. ನಮ್ಮಪ್ಪ ಊರಿನ ಯಜಮಾನರ ಹತ್ತು ವರ್ಷದ ಮಗನಿಗೂ "ಬುದ್ದಿ" ಅಂತಿದ್ರು. ಆ ಹುಡುಗ ನಮ್ಮಪ್ಪನಿಗೆ "ಏನ್ಲಾ" ಅಂತಿದ್ದ. ಇಂಗ್ಲಿಷ್ ಪಿಚ್ಚರಲ್ಲಿ ಧಣಿಯೂ "ಯು", ಆಳೂ "ಯು". ಎಂಥಾ ಭಾಷೆಯಪ್ಪ ಅನ್ನಿಸಿತ್ತು. 2010ರಲ್ಲಿ ಚಂದ್ರಭಾನ್ ಪ್ರಸಾದ್ ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟಾಗ ತುಂಬ ಜನ ಗೇಲಿ ಮಾಡಿದರು. ನಾನು ಮಾಡಲಿಲ್ಲ. ಆಮೇಲೆ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಪೊಯ್ಟಿಯರ್ ಅವರದೇ 1967ರ 'ಇನ್ ದ ಹೀಟ್ ಆಫ್ ದ ನೈಟ್' ನೋಡಿದೆ. ದೊಡ್ಡ ಪೊಲೀಸ್ ಅಧಿಕಾರಿಯಾದ ಕಪ್ಪು ಮನುಷ್ಯನನ್ನು ಬಿಳಿಯರು "ಬಾಯ್" ಅಂತಾರೆ. ನಮ್ಮ "ಏನ್ಲಾ" ಇಂಗ್ಲಿಷಿನಲ್ಲೂ ಇದೆ ಕಣ್ರಪ್ಪ! ನಿಮ್ಮೂರಲ್ಲಿ ನಿನ್ನ ಏನಂತಾರೆ ಅಂತ ಕೆಣಕಿದಾಗ ಅವನು, ನನ್ನನ್ನು ಮಿಸ್ಟರ್ ಅಂತಾರೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತಾನೆ. ಆ ಸೀನನ್ನು ನಾನು ಎಷ್ಟು ಸಲ ನೋಡಿದೆನೋ. ಭಾಷೆ ನಮಗೆ ಮರ್ಯಾದೆ ಕೊಡಲ್ಲ, ಮರ್ಯಾದೆ ಕೇಳೋಕೆ ಬಾಯಿ ಕೊಡುತ್ತೆ ಅಂತ ಅರ್ಥವಾಗಿದ್ದು ಅಲ್ಲಿ.

ಆ ಬಾಯಿ ಯಾರಿಗೆ ಸಿಕ್ತು? 1994ರ ಸರ್ಕಾರಿ ಆದೇಶದಿಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಇಪ್ಪತ್ತು ವರ್ಷ ಈ ರಾಜ್ಯ ಪ್ರಾಥಮಿಕ ಶಾಲೆಯ ಮಾಧ್ಯಮದ ಬಗ್ಗೆ ಜಗಳ ಆಡಿತು. ಕನ್ನಡ ಕನ್ನಡ ಅಂತ ಮೈಕು ಹಿಡಿದ ಎಷ್ಟೋ ಜನರ ಮಕ್ಕಳು ಅಷ್ಟರಲ್ಲಿ ಕಾನ್ವೆಂಟ್ ಮುಗಿಸಿದರು. ಕಾಸಿಲ್ಲದ ನಾವು ತೀರ್ಪು ಕಾಯ್ತಾ ಕೂತ್ವಿ. ನಾನು ಕನ್ನಡ ಬಿಟ್ಟವನಲ್ಲ, ಇದನ್ನು ಬರೀತಿರೋದೂ ಕನ್ನಡದಲ್ಲೇ. ಆದರೆ ಬಡವರ ಮಕ್ಕಳಿಗೆ ಮಾತ್ರ ಕನ್ನಡ ಕಾಯುವ ಕೆಲಸ ವಹಿಸಬೇಡಿ.

ಈಗ ಹೇಳೋಕೆ ಕಷ್ಟವಾದ ಮಾತು. ಹೋದ ವರ್ಷ ಮನೆಯಲ್ಲಿ ನೆಂಟರೆಲ್ಲ ಸೇರಿದ್ದಾಗ ಇದೇ ಹುಡುಗಿ ನನ್ನ ಮಾತಿಗೆ "ಐ ಆಮ್ ನಾಟ್ ಅಗ್ರೀ ಮಾವ" ಅಂದಿದ್ದಳು. ಎಲ್ಲರ ಎದುರಿಗೆ ನಾನು "ಐ ಡೋಂಟ್ ಅಗ್ರೀ ಅನ್ನಬೇಕು ಕಣವ್ವ" ಅಂತ ತಿದ್ದಿ ನಕ್ಕೆ. ನಾನು ನಕ್ಕೆ ಅಂತ ಉಳಿದವರೂ ನಕ್ಕರು. ಅವಳೂ ನಕ್ಕು ಒಳಗೆ ಹೋದಳು. ಅವಳು ಯಾವುದಕ್ಕೆ ಒಪ್ಪಲಿಲ್ಲ ಅನ್ನೋದನ್ನು ನಾನು ಕೇಳಲೇ ಇಲ್ಲ. ಅದಾದ ಮೇಲೆ ನನ್ನ ಹತ್ತಿರ ಒಂದು ಪದ ಇಂಗ್ಲಿಷ್ ಆಡಿಲ್ಲ. ಮೊನ್ನೆ ಫೋನಿನಲ್ಲಿ ಪಿಚ್ಚರ್ ಹೆಸರು ಕೇಳಿದಾಗ ಇದು ನೆನಪಾಯ್ತು. ಮಾತಾಡುವ ಮಾವ ಇರುವಾಗ ಅವಳು ಪಿಚ್ಚರ್ ಹುಡುಕ್ತಿದ್ದಾಳೆ, ಯಾಕಂದ್ರೆ ಪಿಚ್ಚರ್ ನಗಲ್ಲ. ವೇದಿಕೆ ಮೇಲೆ ಸ್ವಾಭಿಮಾನದ ಭಾಷಣ ಮಾಡುವ ನಾನು, ಆ ಇಂಟರ್‌ವ್ಯೂನಲ್ಲಿ ನಕ್ಕವರ ಕುರ್ಚಿಯಲ್ಲಿ ಕೂತಿದ್ದೆ.

ಅದಕ್ಕೇ ಸಂಗಾತಿಗಳೇ, ನನ್ನ ಮಾತು ಇಷ್ಟು.

ಪಿಚ್ಚರ್ ನೋಡಲಿ, ಖಂಡಿತ ನೋಡಲಿ. ದಿನಕ್ಕೊಂದು ಬೇಡ. ಒಂದೇ ಪಿಚ್ಚರಿನ ಹತ್ತು ನಿಮಿಷ ಸಾಕು. ಮೊದಲು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು, ಆಮೇಲೆ ಅಕ್ಷರ ತೆಗೆದು, ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ಜೋರಾಗಿ ಹೇಳಲಿ. ಗನ್ನಿನ ಪಿಚ್ಚರ್ ಬಿಟ್ಟು ಮನೆ, ಆಸ್ಪತ್ರೆ, ಶಾಲೆ, ಕೋರ್ಟು ಇರುವ ಪಿಚ್ಚರ್ ಆರಿಸಿ. ಕೆಲಸಕ್ಕೆ ಬರೋ ಮಾತು ಅಲ್ಲಿರುತ್ತೆ.

ಪ್ರತಿ ಹಾಸ್ಟೆಲಿಗೂ ವಾರಕ್ಕೆರಡು ಸಂಜೆ ಇಂಗ್ಲಿಷ್ ಮಾತಾಡಿಸುವ ಒಬ್ಬ ಶಿಕ್ಷಕರು ಬೇಕು ಅಂತ ಸಮಾಜ ಕಲ್ಯಾಣ ಇಲಾಖೆಗೆ ಮನವಿ ಕೊಡೋಣ. ಗ್ರಾಮರ್ ಕ್ಲಾಸು ಬೇಡ, ಕೇಳಿಸಿಕೊಳ್ಳುವವರು ಬೇಕು. ಅಲ್ಲೀವರೆಗೆ ಕಾಯೋದೂ ಬೇಡ. ನಮ್ಮಲ್ಲಿ ವಕೀಲರಿದ್ದೀರಿ, ಲೆಕ್ಚರರ್‌ಗಳಿದ್ದೀರಿ, ಐಟಿಯಲ್ಲಿರೋರು ಇದ್ದೀರಿ. ವಾರಕ್ಕೆ ಅರ್ಧ ಗಂಟೆ ಫೋನಿನಲ್ಲಿ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಕಿವಿ ಕೊಡಿ. ಹೇಳುವ ವಿಷಯ ಮುಗಿಯುವವರೆಗೆ ತಿದ್ದಬೇಡಿ. ನಗಬೇಡಿ.

ನಾನು ಮನೆಯಿಂದಲೇ ಶುರು ಮಾಡಿದ್ದೀನಿ. ನಿನ್ನೆ ಭಾನುವಾರ ನಾನೇ ಫೋನ್ ಮಾಡಿ, ಹೋದ ವರ್ಷದ್ದಕ್ಕೆ ತಪ್ಪಾಯ್ತು ಕಣವ್ವ ಅಂದೆ. "ಅಯ್ಯೋ ಬಿಡು ಮಾವ" ಅಂದಳು. ಅವತ್ತು ಯಾವುದಕ್ಕೆ ಒಪ್ಪಲಿಲ್ಲ, ಈಗ ಹೇಳು, ಇಂಗ್ಲಿಷಲ್ಲೇ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹನ್ನೆರಡು ನಿಮಿಷ ಮಾತಾಡಿದಳು. ತಪ್ಪುಗಳಿದ್ದವು. ನಾನು ಅವತ್ತು ಹೇಳಿದ್ದರಲ್ಲಿ ಅದಕ್ಕಿಂತ ದೊಡ್ಡ ತಪ್ಪಿತ್ತು. ಅವಳು ಹೇಳಿದ್ದೇ ಸರಿ.

ಜೈ ಭೀಮ್.